ಹೊಗೆಸೊಪ್ಪಿಗೆ ಲೆಕ್ಕ ಇದೆ, ಹೋದವರಿಗೆ ಇಲ್ಲ

ಬ್ಲಾಗಿಗೆ ಏನಾದರೂ ಬರೆದು ತಿಂಗಳುಗಳೇ ಆದವು. ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಮೊನ್ನೆ ಪಿರಿಯಾಪಟ್ಟಣದ ಹತ್ತಿರ ಒಂದು ಬೀಗರೂಟಕ್ಕೆ ಹೋಗಿದ್ದೆ. ಅಲ್ಲಿ ಕೇಳಿದ ನಾಲ್ಕು ಮಾತು ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಈ ಪೋಸ್ಟು. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದವರು ದೂರದ ಸಂಬಂಧದಲ್ಲಿ ನನಗೆ ಮಾವ ಆಗಬೇಕು. ಎರಡು ಬ್ಯಾರನ್ ಇಟ್ಟುಕೊಂಡು ಹೊಗೆಸೊಪ್ಪು ಬೆಳೆಯುವವರು. ಅವರ ಮಗ ಕೆನಡಾಕ್ಕೆ ಹೋಗಿ ಎರಡು ವರ್ಷವಾಯಿತು. ಎದುರು ಸಾಲಿನಿಂದ ಯಾರೋ ಕೇಳಿದರು.

"ನಿಮ್ ಹೈದ ಈಗ ಎಲ್ಲವ್ನೆ?"

"ಕೆನಡಾದಲ್ಲಿ ಅವ್ನೆ ಕಣಪ್ಪ. ಪಿಆರ್ ಆಗದೆ."

"ಏನ್ ಕೆಲ್ಸ?"

"ಕಂಪ್ನೀಲಿ."

"ಯಾವ್ ಕಂಪ್ನಿ?"

ಮಾವ ಮುದ್ದೆ ಮುರಿಯುತ್ತಾ, "ದೊಡ್ ಕಂಪ್ನಿನೇ" ಅಂದರು. ಅಲ್ಲಿಗೆ ಮಾತು ನಿಂತಿತು.

ಇದೇ ಮನುಷ್ಯ ಐದು ನಿಮಿಷ ಮುಂಚೆ ಈ ಸಲದ ಹರಾಜಿನ ಕಥೆ ಹೇಳಿದ್ದರು. ಯಾವ ಬೇಲು ಎಷ್ಟು ತೂಕ ಬಂತು, ಯಾವುದಕ್ಕೆ ಯಾವ ಗ್ರೇಡು ಹಾಕಿದರು, ಕೆ.ಜಿ.ಗೆ ಎಷ್ಟಕ್ಕೆ ಹೋಯಿತು, ಯಾವ ಕಂಪನಿಯವರು ಎತ್ತಿದರು, ಎಲ್ಲ ಬಾಯಿಪಾಠ. ತಮ್ಮ ಸೊಪ್ಪು ಎಲ್ಲಿಗೆ ಹೋಯಿತು ಅಂತ ಹೇಳಬಲ್ಲವರಿಗೆ ಮಗ ಏನು ಮಾಡುತ್ತಿದ್ದಾನೆ ಅಂತ ಹೇಳಲು ಬರಲಿಲ್ಲ.

ನನಗೆ ಗೊತ್ತಿತ್ತು. ಹುಡುಗ ನನಗೆ ಹೇಳಿದ್ದ. ಮೈಸೂರಿನ ಕಾರ್ಖಾನೆಯೊಂದರಲ್ಲಿ ಏಳು ವರ್ಷ ಕ್ವಾಲಿಟಿ ಇಂಜಿನಿಯರ್ ಆಗಿದ್ದವನು ಈಗ ಬ್ರಾಂಪ್ಟನ್‌ನ ಗೋದಾಮೊಂದರಲ್ಲಿ ರಾತ್ರಿ ಪಾಳಿಯಲ್ಲಿ ಪೆಟ್ಟಿಗೆ ಜೋಡಿಸುತ್ತಾನೆ. ಆ ಕೆಲಸದಲ್ಲಿ ಅವಮಾನವೇನೂ ಇಲ್ಲ, ನಮ್ಮಪ್ಪ ಬ್ಯಾರನ್ನಿಗೆ ಸೌದೆ ಹಾಕುತ್ತಾ ರಾತ್ರಿಯಿಡೀ ನಿದ್ದೆಗೆಟ್ಟಿದ್ದನ್ನು ನೋಡಿಯೇ ನಾನು ಬೆಳೆದದ್ದು. ಆದರೆ ಆ ಹುಡುಗ ಹೋಗಿದ್ದು 'ಕುಶಲ ಕೆಲಸಗಾರ' ಅನ್ನುವ ಹೆಸರಿನಲ್ಲಿ. ಅವನ ಕೌಶಲಕ್ಕೆ ಅಂಕ ಹಾಕಿ, ತೂಗಿ, ಬಾ ಅಂತ ಕರೆದಿದ್ದು ಒಂದು ಸರ್ಕಾರ. ಹೋಗುವ ಮುಂಚೆ ಖಾತೆಯಲ್ಲಿ ಹಣ ತೋರಿಸಬೇಕು, ಅದೂ ಒಂದು ದಿನ ಅಲ್ಲ, ಆರು ತಿಂಗಳ ಲೆಕ್ಕ. ಒಬ್ಬನಿಗೇ ಒಂಬತ್ತು ಹತ್ತು ಲಕ್ಷ ರೂಪಾಯಿಯ ಆಸುಪಾಸು. ಹೊಗೆಸೊಪ್ಪಿನ ದುಡ್ಡು, ಅತ್ತೆಯ ಒಡವೆ, ಒಂದಿಷ್ಟು ಕೈಸಾಲ, ಎಲ್ಲ ಸೇರಿ ಆ ಮೊತ್ತ ಆಗಿತ್ತು. "ಅಪ್ಪಂಗೆ ಹೇಳ್ಬೇಡಿ ಭಾವ" ಅಂದಿದ್ದ. ಇದನ್ನು ಬರೆಯಲೇ ಅಂತ ಅವನನ್ನೇ ಕೇಳಿದೆ. ಊರು ಹೆಸರು ಬಿಟ್ಟು ಬರೀರಿ ಅಂದ.

ಈಗ ವಿಷಯಕ್ಕೆ ಬರುತ್ತೇನೆ. ಇವನೊಬ್ಬನದು ದುರದೃಷ್ಟವೋ, ಅಥವಾ ಹೀಗೆ ಹೋದವರಲ್ಲಿ ಬಹಳ ಜನರ ಪಾಡು ಇದೇನೋ? ಈ ಪ್ರಶ್ನೆಗೆ ಕೆನಡಾದಲ್ಲಿ ಉತ್ತರ ಇದೆ. ಪಿರಿಯಾಪಟ್ಟಣದಲ್ಲಿ ಇಲ್ಲ, ಬೆಂಗಳೂರಿನ ವಿಧಾನಸೌಧದಲ್ಲೂ ಇಲ್ಲ. ನನ್ನ ತಕರಾರು ಇದೇ.

ಅಂಕ ಹಾಕಿ ಜನರನ್ನು ಆರಿಸುವ ಪದ್ಧತಿ ಶುರು ಮಾಡಿದ್ದೇ ಕೆನಡಾ, 1967ರಲ್ಲಿ. ಫೆಡರಲ್ ಸ್ಕಿಲ್ಡ್ ವರ್ಕರ್ ಅನ್ನುವ ಯೋಜನೆಯಲ್ಲಿ ನೂರಕ್ಕೆ 67 ಬಂದರೆ ಪಾಸು. ಭಾಷೆಗೆ 28, ಓದಿಗೆ 25, ಅನುಭವಕ್ಕೆ 15, ವಯಸ್ಸಿಗೆ 12, ಹೀಗೆ. 2015ರ ಜನವರಿಯಿಂದ ಎಕ್ಸ್‌ಪ್ರೆಸ್ ಎಂಟ್ರಿ ಬಂದು ಲೆಕ್ಕ ಇನ್ನಷ್ಟು ಬಿಗಿಯಾಯಿತು. 2023ರಲ್ಲಿ ಅಲ್ಲಿ ಕಾಯಂ ನೆಲೆ ಸಿಕ್ಕವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ಭಾರತದವರು. ಅವರಲ್ಲಿ ಕನ್ನಡದವರೆಷ್ಟು? ಅದನ್ನು ಎಣಿಸಬೇಕಾದವರು ನಾವು.

ಆದರೆ ಕರೆಸಿಕೊಂಡ ಮೇಲೆ ಅವರು ಕೈತೊಳೆದುಕೊಂಡು ಕೂರಲಿಲ್ಲ, ಇದನ್ನು ಒಪ್ಪಲೇಬೇಕು. 2000ದ ಅಕ್ಟೋಬರ್‌ನಿಂದ 2001ರ ಸೆಪ್ಟೆಂಬರ್‌ವರೆಗೆ ಬಂದಿಳಿದವರಲ್ಲಿ ಸುಮಾರು ಹನ್ನೆರಡು ಸಾವಿರ ಜನರನ್ನು ಆರಿಸಿ, ಬಂದ ಆರು ತಿಂಗಳಿಗೊಮ್ಮೆ, ಎರಡು ವರ್ಷಕ್ಕೊಮ್ಮೆ, ನಾಲ್ಕು ವರ್ಷಕ್ಕೊಮ್ಮೆ ಮಾತಾಡಿಸಿದರು. ಮನೆ ಸಿಕ್ಕಿತಾ, ಕೆಲಸ ಸಿಕ್ಕಿತಾ, ಹಿಂದೆ ಮಾಡುತ್ತಿದ್ದ ಕೆಲಸವೇನಾ, ಎಲ್ಲಿ ತಡೆ ಆಯಿತು? ಮೊದಲ ಸುತ್ತಿನಲ್ಲೇ ಗೊತ್ತಾಗಿದ್ದು: ಕೆಲಸ ಸಿಕ್ಕವರಲ್ಲಿ ಹತ್ತಕ್ಕೆ ಆರು ಜನ ತಮ್ಮ ಹಳೆಯ ವೃತ್ತಿಯಲ್ಲಿ ಇರಲಿಲ್ಲ. ಕಾರಣ ಕೇಳಿದರೆ ಎಲ್ಲರದೂ ಹೆಚ್ಚುಕಮ್ಮಿ ಒಂದೇ ಹಾಡು. ಕೆನಡಾದ ಅನುಭವ ಇಲ್ಲ ಅಂತಾರೆ, ನಮ್ಮ ಡಿಗ್ರಿ ಒಪ್ಪಲ್ಲ ಅಂತಾರೆ.

ಹತ್ತಕ್ಕೆ ಆರು! ನಮ್ಮ ಹುಡುಗ ಒಬ್ಬಂಟಿ ಅಲ್ಲ, ಅವನು ದೊಡ್ಡ ಗುಂಪಿನಲ್ಲೇ ಇದ್ದಾನೆ. ಆ ಅಂಕಿ ಹೊರಬಂದಿದ್ದು 2003ರಲ್ಲಿ. ಇಪ್ಪತ್ತು ವರ್ಷದ ಹಿಂದೆಯೇ ಒಂದು ಸರ್ಕಾರ ತನ್ನ ಯೋಜನೆಯ ಕುಂದನ್ನು ತಾನೇ ಅಚ್ಚು ಹಾಕಿ ಹಂಚಿತ್ತು. ಅದು ನಮ್ಮ ಕಾಕನಕೋಟೆ ಸೀಮೆಗೆ ತಲುಪಲಿಲ್ಲ, ತಲುಪಿದ್ದು ಏಜೆಂಟರ ಬಣ್ಣದ ಬ್ಯಾನರುಗಳು. ಹುಣಸೂರಿನಂಥ ಊರಿನ ಹುಡುಗನಿಗೆ "ನಿನ್ನ ಅಂಕ ಇಷ್ಟು" ಎಂದು ಹೇಳಲು ಜನ ಇದ್ದಾರೆ. "ಇಳಿದ ಆರು ತಿಂಗಳಿಗೆ ನಿನ್ನಂಥವರು ಹೀಗಿರುತ್ತಾರೆ" ಎಂದು ಹೇಳಲು ಯಾರೂ ಇಲ್ಲ.

ಆಸ್ಟ್ರೇಲಿಯಾದವರು ಇದನ್ನು ಇನ್ನೂ ಮೊದಲೇ ಮಾಡಿದ್ದರು. 1993ರಿಂದ 95ರ ನಡುವೆ ಬಂದ ಐದು ಸಾವಿರಕ್ಕೂ ಹೆಚ್ಚು ಜನರನ್ನು ಮೂರೂವರೆ ವರ್ಷ ಹಿಂಬಾಲಿಸಿ ಮೂರು ಸಲ ಮಾತಾಡಿಸಿದರು. 1999ರಲ್ಲಿ ಅಂಕದ ನಿಯಮ ಬದಲಾಯಿತು. ಇಂಗ್ಲಿಷಿಗೆ ಹೆಚ್ಚು ಬೆಲೆ ಬಂತು, ಡಿಗ್ರಿಯನ್ನು ಹೊರಡುವ ಮುಂಚೆಯೇ ತಪಾಸಣೆ ಮಾಡಿಸುವುದು ಕಡ್ಡಾಯವಾಯಿತು. ಆಮೇಲೆ ಬಂದ ಎರಡನೇ ತಂಡವನ್ನು ಕೇಳಿದಾಗ ಅವರಿಗೆ ಮೊದಲಿನವರಿಗಿಂತ ಬೇಗ ಕೆಲಸ ಸಿಕ್ಕಿತ್ತು. ಕೆನಡಾ ಹೊರಡುವ ಮುಂಚಿನ ಡಿಗ್ರಿ ತಪಾಸಣೆ ತಂದಿದ್ದು 2013ರಲ್ಲಿ. ಜೊತೆಗೆ ಅಲ್ಲಿ ಇನ್ನೊಂದು ದೊಡ್ಡ ಕಡತವಿದೆ. 1980ರಿಂದ ಬಂದ ವಲಸಿಗರ ದಾಖಲೆಯನ್ನು ಅವರ ವರಮಾನ ತೆರಿಗೆ ದಾಖಲೆಗೆ ಜೋಡಿಸಿ ಇಟ್ಟಿದ್ದಾರೆ. ಯಾರು ಎಷ್ಟು ಗಳಿಸಿದರು, ಯಾವ ಪ್ರಾಂತ್ಯಕ್ಕೆ ಹೋದರು, ಯಾರು ದೇಶವನ್ನೇ ಬಿಟ್ಟರು, ಎಲ್ಲ ಅದರಿಂದ ತೆಗೆಯಬಹುದು. ಇಪ್ಪತ್ತು ವರ್ಷದೊಳಗೆ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಜನ ಕೆನಡಾ ಬಿಟ್ಟು ಹೋಗಿರುತ್ತಾರೆ ಅಂತ 2024ರಲ್ಲಿ ಹೇಳಿದ್ದು ಇದೇ ಕಡತದ ಆಧಾರದ ಮೇಲೆ.

ಹಾಗಂತ ಅವರನ್ನು ತಲೆ ಮೇಲೆ ಹೊತ್ತು ಕುಣಿಯಬೇಕಿಲ್ಲ. ಅವರು ಕೇಳುವುದು ತಮಗೆ ಬೇಕಾದ್ದನ್ನು. ತೆರಿಗೆ ಕಟ್ಟಿದನಾ, ನಮ್ಮ ಭಾಷೆ ಕಲಿತನಾ, ಸರ್ಕಾರದ ಹಣ ತಿಂದನಾ. ಇದೇ ಕೆನಡಾ 2012ರಲ್ಲಿ, ನಾಲ್ಕು ವರ್ಷಕ್ಕೂ ಹಿಂದೆ ಅರ್ಜಿ ಹಾಕಿ ಕಾಯುತ್ತಿದ್ದ ಕುಶಲ ಕೆಲಸಗಾರರು, ಅವರ ಕುಟುಂಬದವರು ಸೇರಿ ಸುಮಾರು ಎರಡು ಲಕ್ಷ ಎಂಬತ್ತು ಸಾವಿರ ಜನರ ಅರ್ಜಿಗಳನ್ನು ಒಂದೇ ಏಟಿಗೆ ರದ್ದು ಮಾಡಿತು. ಬ್ರಿಟನ್ 2002ರಲ್ಲಿ 'ಬನ್ನಿ ಬನ್ನಿ' ಅಂತ ಕರೆದವರಿಗೆ 2006ರಲ್ಲಿ ನಿಯಮ ಬದಲಿಸಿ 'ನೀವು ಇರಬಹುದೋ ಇಲ್ಲವೋ ನೋಡೋಣ' ಅಂದಿತು. ಕೊನೆಗೆ 2008ರಲ್ಲಿ ಕೋರ್ಟು ಬೈಯಬೇಕಾಯಿತು. ಆ ಕಾಲದಲ್ಲಿ ಲಂಡನ್ನಿನಿಂದ ಕನ್ನಡ ಬ್ಲಾಗು ಬರೆಯುತ್ತಿದ್ದವರಿಗೆ ಆ ಎರಡು ವರ್ಷದ ನಿದ್ದೆಗೇಡು ನೆನಪಿರಬಹುದು. ಅವರ ಪ್ರಶ್ನಾವಳಿಯಲ್ಲಿ 'ಅಪ್ಪ ತೀರಿಕೊಂಡಾಗ ಊರಿಗೆ ಹೋಗಲಾಯಿತಾ', 'ಗದ್ದೆ ಯಾರಿಗೆ ಮಾರಿದಿರಿ', 'ಅಜ್ಜಿ ಜೊತೆ ಮೊಮ್ಮಗು ಯಾವ ಭಾಷೆಯಲ್ಲಿ ಮಾತಾಡುತ್ತೆ' ಅನ್ನುವ ಸಾಲುಗಳು ಇರುವುದಿಲ್ಲ. ಇರಬೇಕಾಗಿಯೂ ಇಲ್ಲ. ಅವು ನಮ್ಮ ಪ್ರಶ್ನೆಗಳು.

ಹಾಗಾದರೆ ನಾವೇನು ಮಾಡುತ್ತೇವೆ? 1983ರ ವಲಸೆ ಕಾಯ್ದೆಯ ಪ್ರಕಾರ, ಎಸ್ಸೆಸ್ಸೆಲ್ಸಿ ಪಾಸಾಗದವನು ಕೊಲ್ಲಿ ದೇಶಗಳೂ ಸೇರಿದಂತೆ ಪಟ್ಟಿಯಲ್ಲಿರುವ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಹಾಗಾಗಿ ಅವನದೊಂದು ದಾಖಲೆ ಉಳಿಯುತ್ತದೆ. ಪಾಸಾದವನಿಗೆ ಅನುಮತಿ ಬೇಡ, ದಾಖಲೆಯೂ ಇಲ್ಲ. ಅಂದರೆ ಎಸ್ಸೆಸ್ಸೆಲ್ಸಿ ಪಾಸಾದ ದಿನವೇ ಸರ್ಕಾರ ನಿಮ್ಮ ಬಗ್ಗೆ ಆಸಕ್ತಿ ಕಳೆದುಕೊಂಡಿತು ಅಂತ :) ವಿದ್ಯಾವಂತರೂ ಆ ದೇಶಗಳಿಗೆ ಹೋಗುವ ಮುಂಚೆ ನೋಂದಾಯಿಸಬೇಕು ಅಂತ 2018ರ ಕೊನೆಯಲ್ಲಿ ಒಂದು ಆದೇಶ ಹೊರಟಿತ್ತು, ಗದ್ದಲವಾಗಿ ಅದನ್ನು ತಡೆಹಿಡಿದರು. ವಿಮಾನ ನಿಲ್ದಾಣದಲ್ಲಿ ಪೆನ್ನು ಯಾರ ಹತ್ತಿರ ಇದೆ ಅಂತ ಪರದಾಡಿ ತುಂಬುತ್ತಿದ್ದ ಆ ಚೀಟಿ ನೆನಪಿದೆಯಾ? 2017ರ ಜುಲೈನಿಂದ ಅದೂ ಇಲ್ಲ. ಓದಲು ಹೋದವರೆಷ್ಟು ಅಂತ ಸಂಸತ್ತಿನಲ್ಲಿ ಕೇಳಿದಾಗ ಕೊಡುವ ಅಂಕಿ ಕೂಡ ವೀಸಾ ನೋಡಿ, ಇಲ್ಲವೇ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಂಡು ಕೂಡಿಸಿದ್ದು. ನಮ್ಮ ರಾಜ್ಯಕ್ಕೆ 2016ರಲ್ಲಿ ಒಂದು ಅನಿವಾಸಿ ಭಾರತೀಯ ನೀತಿ ಬಂತು. ಹೂಡಿಕೆ ಮಾಡಿ, ಹುಟ್ಟೂರಿಗೆ ಏನಾದರೂ ಕೊಡಿ ಅನ್ನುವ ಕರೆ ಅದರಲ್ಲಿದೆ. ಕೊಡುವವರ ವಿಳಾಸ ಬೇಕು, ಕಷ್ಟಪಡುವವರದು ಬೇಡವೇ?

ಮಾವನ ಹೊಗೆಸೊಪ್ಪಿನ ಕಡೆ ನೋಡಿ. 1975ರ ತಂಬಾಕು ಮಂಡಳಿ ಕಾಯ್ದೆ ಬಂದಾಗಿನಿಂದ ಬೆಳೆಗಾರ ನೋಂದಣಿ ಆಗಬೇಕು, ಬ್ಯಾರನ್ನಿಗೆ ಲೈಸೆನ್ಸ್ ಬೇಕು. ಇಡೀ ಕರ್ನಾಟಕ ಈ ವರ್ಷ ಎಷ್ಟು ಬೆಳೆಯಬೇಕು ಅಂತ ಗುಂಟೂರಿನಲ್ಲಿರುವ ಮಂಡಳಿ ನಿಗದಿ ಮಾಡುತ್ತದೆ, ಮಾವನ ಪಾಲಿಗೆ ಎಷ್ಟು ಅಂತಲೂ. ಕಟ್ಟೆಮಳಲವಾಡಿಯಲ್ಲೋ ಪಿರಿಯಾಪಟ್ಟಣದಲ್ಲೋ ಹರಾಜಿಗೆ ಬಂದ ಪ್ರತಿ ಬೇಲಿಗೂ ನಂಬರು, ತೂಕ, ಗ್ರೇಡು, ಕೊಂಡವರ ಹೆಸರು. ಇಲ್ಲೇ ಪಕ್ಕದ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ತೊಂಬತ್ತರ ದಶಕದಲ್ಲೇ ಕ್ಯಾಮೆರಾ ಕಟ್ಟಿ, ಮೈಮೇಲಿನ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತು ಹಿಡಿಯುವುದನ್ನು ಶುರು ಮಾಡಿದರು. ಸೊಪ್ಪಿಗೆ ಲೆಕ್ಕ ಇದೆ, ಹುಲಿಗೆ ಲೆಕ್ಕ ಇದೆ, ಇರಲಿ, ಇರಬೇಕಾದ್ದೇ.

ಜನರನ್ನು ಎಣಿಸುವುದು ಕಷ್ಟ ಅಂತೀರಾ? ಎಚ್.ಡಿ. ಕೋಟೆಯಿಂದ ಅಂತರಸಂತೆ ದಾಟಿ ಕಾಕನಕೋಟೆ ಕಾಡಿನೊಳಗೆ ಮಾನಂದವಾಡಿ ರಸ್ತೆ ಹಿಡಿಯಿರಿ (ಸಂಜೆ ಆರರೊಳಗೆ, ಆಮೇಲೆ ಗೇಟು ಮುಚ್ಚುತ್ತಾರೆ). ಬಾವಲಿ ಚೆಕ್‌ಪೋಸ್ಟ್ ದಾಟಿದರೆ ವಯನಾಡು. ಅಲ್ಲಿಂದಾಚೆ ಲೆಕ್ಕ ಇದೆ. ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಕೆ.ಸಿ. ಜಕರಿಯಾ, ಎಸ್. ಇರುದಯರಾಜನ್ ಮತ್ತಿತರರು 1998ರಲ್ಲಿ ಹತ್ತು ಸಾವಿರ ಮನೆಗಳ ಬಾಗಿಲು ತಟ್ಟಿ ಕೇರಳ ವಲಸೆ ಸಮೀಕ್ಷೆ ಶುರು ಮಾಡಿದರು. ಯಾರು ಹೋದರು, ಎಲ್ಲಿಗೆ, ಏನು ಕೆಲಸ, ಎಷ್ಟು ಕಳಿಸಿದರು, ಯಾರು ವಾಪಸು ಬಂದರು, ಬಂದು ಏನು ಮಾಡುತ್ತಿದ್ದಾರೆ, ಹಿಂದೆ ಉಳಿದ ಹೆಂಡತಿ ಮಕ್ಕಳ ಪಾಡೇನು. ಮತ್ತೆ ಮತ್ತೆ, ಕೆಲವು ವರ್ಷಕ್ಕೊಮ್ಮೆ. 2023ರ ಸಮೀಕ್ಷೆಯ ಪ್ರಕಾರ ಹೊರದೇಶದಲ್ಲಿರುವ ಮಲಯಾಳಿಗಳು ಸುಮಾರು 22 ಲಕ್ಷ. ಅದರಲ್ಲಿ ಓದಲು ಹೋದವರು ಐದೇ ವರ್ಷದಲ್ಲಿ ಹೆಚ್ಚುಕಮ್ಮಿ ಇಮ್ಮಡಿಯಾಗಿ ಎರಡೂವರೆ ಲಕ್ಷ ಮುಟ್ಟಿದ್ದಾರೆ. ಇದು ಗೊತ್ತಿದ್ದದ್ದರಿಂದಲೇ ಅಲ್ಲಿ ಅದರ ಮೇಲೆ ಜಗಳವಾದರೂ ಆಡುತ್ತಾರೆ. ಅದೇ ಕಬಿನಿ ವಯನಾಡಿನಿಂದ ಇಳಿದು ನಮ್ಮ ಕಡೆ ಬರುವಷ್ಟರಲ್ಲಿ ಲೆಕ್ಕ ನಿಂತುಹೋಗಿರುತ್ತದೆ.

ಇನ್ನೂ ಹತ್ತಿರದ ಉದಾಹರಣೆ ಬೇಕೇ? ಬೈಲಕುಪ್ಪೆ. ಪಿರಿಯಾಪಟ್ಟಣ ತಾಲೂಕಿನಲ್ಲೇ ಇರುವ ಟಿಬೆಟಿಯನ್ನರ ಕ್ಯಾಂಪುಗಳು. ಅಲ್ಲಿಂದಲೂ ಹುಡುಗರು ಅಮೆರಿಕ, ಕೆನಡಾ ಅಂತ ಹೋಗುತ್ತಿದ್ದಾರೆ. ದೇಶವೇ ಕೈಯಲ್ಲಿಲ್ಲದ ಅವರ ಆಡಳಿತ 1998ರಲ್ಲಿ ಒಮ್ಮೆ, 2009ರಲ್ಲಿ ಒಮ್ಮೆ ತನ್ನ ಜನರ ಸಮೀಕ್ಷೆ ಮಾಡಿತು.

ಹಾಗೆ ನೋಡಿದರೆ ಎಣಿಸದೇ ಇರುವುದು ಈ ಸೀಮೆಗೆ ಹೊಸದಲ್ಲ. ನಾಗರಹೊಳೆ ಕಾಡಿನಿಂದ ಹೊರಹಾಕಿಸಿಕೊಂಡ ಆದಿವಾಸಿ ಕುಟುಂಬಗಳು ಎಷ್ಟು ಅಂತ ತಿಳಿಯಲು ಹೈಕೋರ್ಟು ಸಮಿತಿ ಮಾಡಬೇಕಾಯಿತು. ಪ್ರೊ. ಮುಜಾಫರ್ ಅಸ್ಸಾದಿಯವರ ಸಮಿತಿ 2014ರಲ್ಲಿ ಕೊಟ್ಟ ಅಂಕಿ 3,418 ಕುಟುಂಬ. ಜೇನುಕುರುಬರ ಹಾಡಿಗೆ ಗತಿ ಇಲ್ಲ, ನೀನು ಕೆನಡಾಕ್ಕೆ ಹೋದ ಇಂಜಿನಿಯರ್ ಬಗ್ಗೆ ಅಳುತ್ತೀಯಲ್ಲ ಅಂತ ನನ್ನ ಗೆಳೆಯನೊಬ್ಬ ಬೈದ. ಅವನ ಮಾತಿನಲ್ಲಿ ಹುರುಳಿದೆ. ಆದರೆ ಎರಡೂ ಒಂದೇ ರೋಗ ಅಂತ ನನಗನ್ನಿಸುತ್ತದೆ. ಜಾಗ ಬಿಟ್ಟವನು ಲೆಕ್ಕದಿಂದಲೂ ಬಿಟ್ಟ.

ಇದು ಅತ್ಯಂತ ಕೆಟ್ಟದಾಗಿ ಕಂಡಿದ್ದು 2023ರ ಏಪ್ರಿಲ್‌ನಲ್ಲಿ. ಹುಣಸೂರು ತಾಲೂಕಿನ ಪಕ್ಷಿರಾಜಪುರ ಗೊತ್ತಲ್ಲ, ಹಕ್ಕಿಪಿಕ್ಕಿಗಳ ಊರು, ಈಗ ಕೂದಲೆಣ್ಣೆಯಿಂದ ದೇಶಕ್ಕೆಲ್ಲ ಹೆಸರಾಗಿದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಕ್ಕಿ ಹಿಡಿಯುವಂತಿಲ್ಲ. ಗಿಡಮೂಲಿಕೆ, ಎಣ್ಣೆ ಹೊತ್ತು ಊರೂರು ಸುತ್ತಿದರು, ಆಮೇಲೆ ಆಫ್ರಿಕಾ ದೇಶಗಳವರೆಗೂ ಹೋದರು. ಸುಡಾನಿನಲ್ಲಿ ಗುಂಡಿನ ಕಾಳಗ ಶುರುವಾದಾಗ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದಿದ್ದರು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ 31 ಜನ ಅಂತ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ರಾಜಕೀಯ ಮಾಡಬೇಡಿ ಅಂದರು, ಚುನಾವಣೆ ಬೇರೆ ಹತ್ತಿರವಿತ್ತು. ಕೊನೆಗೆ 'ಆಪರೇಷನ್ ಕಾವೇರಿ' ನಡೆದು ಜನ ಮನೆಗೆ ಬಂದರು, ಸಂತೋಷ. ಆದರೆ ಗುಂಡು ಹಾರುವವರೆಗೆ ಅವರು ಅಲ್ಲಿದ್ದಾರೆ ಅನ್ನುವುದೇ ನಾಡಿಗೆ ಗೊತ್ತಿರಲಿಲ್ಲ.

ಅವರನ್ನು ಯಾವ ಅಂಕಪಟ್ಟಿಯೂ ಕುಶಲರು ಅನ್ನುವುದಿಲ್ಲ. ಮನೆಯಲ್ಲಿ ಆಡುವುದು ವಾಗ್ರಿ, ಅದಕ್ಕೆ ಗುಜರಾತಿಯ ನಂಟು. ಸಂತೆಯಲ್ಲಿ ಕನ್ನಡ, ಜೊತೆಗೆ ತಮಿಳು, ಹಿಂದಿ, ಹೋದ ದೇಶದಲ್ಲಿ ವ್ಯಾಪಾರಕ್ಕೆ ಬೇಕಾದಷ್ಟು ಅಲ್ಲಿನ ಭಾಷೆ. ಕೆನಡಾದ ಲೆಕ್ಕದಲ್ಲಿ ಭಾಷೆಗೆ 28 ಅಂಕ ಇದೆಯಲ್ಲ, ಅದರಲ್ಲಿ ಇವರಿಗೆ ಸೊನ್ನೆ. ಗೊತ್ತಿಲ್ಲದ ದೇಶದಲ್ಲಿ ಇಳಿದು ನಾಲ್ಕೇ ದಿನದಲ್ಲಿ ವ್ಯಾಪಾರ ಕುದುರಿಸುವುದು ಕೌಶಲವಲ್ಲದಿದ್ದರೆ ನಾವು ಐಟಿಯವರು ಮಾಡುವುದಂತೂ ಅಲ್ಲವೇ ಅಲ್ಲ. ಕರ್ನಾಟಕದಲ್ಲಿ ವಲಸೆ ಸಮೀಕ್ಷೆ ಅಂತ ಒಂದಾದರೆ ಅದು ಮಾವನ ಮನೆ ಬಾಗಿಲನ್ನೂ ತಟ್ಟಬೇಕು, ಪಕ್ಷಿರಾಜಪುರದ ಬಾಗಿಲನ್ನೂ.

'ಸರ್ಕಾರ ನಮ್ಮ ಬೆನ್ನು ಹತ್ತಬೇಕಾ? ಖಾಸಗಿತನ ಏನಾಯ್ತು?' ಅಂತ ನಿಮ್ಮಲ್ಲಿ ಕೆಲವರು ಕೇಳುತ್ತೀರಿ, ಬಲ್ಲೆ. ಕೆನಡಾದ ತೆರಿಗೆ ಕಡತದ ಥರದ್ದು ನಮ್ಮಲ್ಲಿ ಬೇಡ, ನನಗೂ ಭಯವೇ. ನಾನು ಹೇಳುತ್ತಿರುವುದು ಕೇರಳದ ಥರದ್ದು. ಮನೆಗೆ ಬಂದು ಕೇಳುವುದು, ಇಷ್ಟವಿದ್ದರೆ ಹೇಳುವುದು, ಹೆಸರು ಅಳಿಸಿ ಅಂಕಿ ಉಳಿಸುವುದು. ಮೈಸೂರು ವಿಶ್ವವಿದ್ಯಾನಿಲಯ ಮನಸ್ಸು ಮಾಡಿದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಎರಡು ಸಾವಿರ ಮನೆ ಆರಿಸಿ ಒಂದು ಬೇಸಿಗೆಯಲ್ಲಿ ಮುಗಿಸಬಹುದು. ಮತ್ತೆ ಎರಡು ವರ್ಷ ಬಿಟ್ಟು ಅದೇ ಮನೆಗಳಿಗೆ ಹೋಗಬೇಕು. ಒಂದು ಸಲ ಕೇಳಿದರೆ ಫೋಟೋ ಅಷ್ಟೇ, ಮತ್ತೆ ಕೇಳಿದರೆ ಮಾತ್ರ ಜನ ನೆಲೆ ನಿಂತರೋ ಇಲ್ಲವೋ ಗೊತ್ತಾಗುವುದು.

ಅಲ್ಲಿಯವರೆಗೆ ಇರುವುದು ನೀವೇ. ಈ ಪುಟ ಓದುವವರಲ್ಲಿ ಅರ್ಧ ಜನ ಹೊರಗಿದ್ದೀರಿ ಅಥವಾ ಇದ್ದು ಬಂದಿದ್ದೀರಿ. 2006–07ರಲ್ಲಿ ನಾವೆಲ್ಲ ಬರಹದಲ್ಲಿ ಟೈಪ್ ಮಾಡಿ ಯೂನಿಕೋಡಿಗೆ ಬದಲಿಸಿ ಒದ್ದಾಡುತ್ತಿದ್ದಾಗ, ಮೊದಲ ಹಿಮ, ಮೊದಲ ಬಾಡಿಗೆ ಮನೆ, ಬೆಂಚಿನ ಮೇಲೆ ಕೂರಿಸಿದ ತಿಂಗಳುಗಳು, ಎಚ್-4ನಲ್ಲಿ ಮನೆಯೊಳಗೇ ಉಳಿದ ಡಿಗ್ರಿವಂತ ಹೆಂಡತಿಯರ ಬೇಸರ, ಇದೆಲ್ಲ ಬ್ಲಾಗುಗಳಲ್ಲಿ ಬರುತ್ತಿತ್ತು. ಹಾಸ್ಯ ಮಾಡಿಕೊಂಡೇ ಬರೆಯುತ್ತಿದ್ದರು, ಆದರೆ ನಿಜ ಬರೆಯುತ್ತಿದ್ದರು. ಕನ್ನಡದವರ ವಲಸೆ ಸಮೀಕ್ಷೆ ಅಂತ ಏನಾದರೂ ಇದ್ದರೆ ಅದೇ. ಆ ಬ್ಲಾಗುಗಳಲ್ಲಿ ಎಷ್ಟೋ ಈಗ ತೆರೆಯುವುದಿಲ್ಲ. ಆರ್ಕುಟ್ 2014ರಲ್ಲಿ ಮುಚ್ಚಿತು, ಅಲ್ಲಿನ ಮಾತೂ ಹೋಯಿತು. ಈಗ ಕಾಣುವುದು ಇನ್‌ಸ್ಟಾಗ್ರಾಮಿನಲ್ಲಿ ಹೊಸ ಕಾರಿನ ಮುಂದೆ ನಿಂತ ಫೋಟೋ. ಅದನ್ನು ನೋಡಿ ಪಿರಿಯಾಪಟ್ಟಣದಲ್ಲಿ ಇನ್ನೊಬ್ಬ ಮಾವ ಒಡವೆ ಅಡ ಇಡುತ್ತಾರೆ.

ದಯವಿಟ್ಟು ಬರೆಯಿರಿ. ಇಳಿದ ಆರು ತಿಂಗಳಿಗೆ ಏನು ಮಾಡುತ್ತಿದ್ದಿರಿ, ಎರಡು ವರ್ಷಕ್ಕೆ, ನಾಲ್ಕು ವರ್ಷಕ್ಕೆ? ಓದಿದ ಕೆಲಸವೇ ಸಿಕ್ಕಿತಾ, ಎಷ್ಟು ದಿನಕ್ಕೆ? ಮನೆಯಲ್ಲಿ ಯಾವುದನ್ನು ಹೇಳಿದಿರಿ, ಯಾವುದನ್ನು ಮುಚ್ಚಿಟ್ಟಿರಿ? ವಾಪಸು ಬಂದವರು ಯಾಕೆ ಬಂದಿರಿ? ಚೆನ್ನಾಗಿ ನೆಲೆ ನಿಂತವರೂ ಬರೆಯಿರಿ. ಗೋಳೇ ಆಗಬೇಕು ಅಂತೇನಿಲ್ಲ, ಹತ್ತಕ್ಕೆ ನಾಲ್ಕು ಜನರೂ ಇದ್ದಾರಲ್ಲ. ಹೆಸರಿಲ್ಲದೆ ಬರೆದರೂ ಸರಿ.

ಮೊದಲು ನಮ್ಮ ಹುಡುಗನನ್ನೇ ಕೇಳಿದೆ. ಬರೆಯುವುದು ತನಗೆ ಬರಲ್ಲ ಅಂದ. ಅಪ್ಪಂಗೆ ಯಾವಾಗ ಹೇಳ್ತೀಯ ಅಂದೆ. "ಹರಾಜು ಮುಗೀಲಿ ಭಾವ, ಸಾಲ ಒಂಚೂರು ಇಳೀಲಿ, ಆಮೇಲೆ ನಾನೇ ಹೇಳ್ತೀನಿ" ಅಂದ.

ಹರಾಜು ಇನ್ನೂ ನಡೆಯುತ್ತಿದೆ. ಮಾವನದು ಹದಿನಾಲ್ಕು ಬೇಲು ಬಾಕಿ ಇದೆಯಂತೆ.